ಐದನೆಯ ಭಾರ

ತನ್ನ ಮೇಲೆ ಎಷ್ಟು ಭಾರ ಬರುತ್ತಿದೆ ಎಂಬುದು ಸೇತುವೆಗೆ ಮೊದಲೇ ಗೊತ್ತಾಗಿ, ಅಷ್ಟಕ್ಕೆ ತಕ್ಕಂತೆ ಅದು ತನ್ನನ್ನು ತಾನೇ ಬಿಗಿದುಕೊಳ್ಳುವ ಹಾಗಿದ್ದರೆ? ಈ ಪ್ರಶ್ನೆ ಸುಗಲಾ ಬಾಡಗಂಡಿಯ ತಲೆಗೆ ಬಂದಾಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಅವಳಿಗೆ ನಲವತ್ತಾರಾಗುವ ಹೊತ್ತಿಗೆ ಅಂಥ ಹನ್ನೆರಡು ಸೇತುವೆಗಳು ಹನ್ನೆರಡು ಹೊಳೆಗಳ ಮೇಲೆ ನಿಂತಿದ್ದವು. ಮೊದಲನೆಯದು ಘಟಪ್ರಭೆಯ ಮೇಲೆ, ಹೊಳೆಬಸಾಪುರಕ್ಕೂ ತೆಗ್ಗಿನಾಳಕ್ಕೂ ನಡುವೆ. ತೆಗ್ಗಿನಾಳ ಅವಳ ಅಕ್ಕ ಗುರಬಸವ್ವನನ್ನು ಕೊಟ್ಟ ಊರು.

ಕಾಂಕ್ರೀಟನ್ನು ಎಷ್ಟು ಒತ್ತಿದರೂ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಅದಕ್ಕೇ ತೊಲೆಯ ಒಳಗೆ ಉಕ್ಕಿನ ಕೇಬಲ್ ಹಾಯಿಸಿ, ಎರಡೂ ತುದಿಯಿಂದ ಜಗ್ಗಿ ಬಿಗಿದು, ಭಾರ ಬರುವ ಮೊದಲೇ ತೊಲೆಯನ್ನು ಒತ್ತಿಟ್ಟಿರುತ್ತಾರೆ. ಇದಕ್ಕೆ ಪ್ರಿಸ್ಟ್ರೆಸ್ ಅನ್ನುತ್ತಾರೆ. ಇದರಲ್ಲೊಂದು ಪೇಚಿದೆ. ಲಾರಿಗಳ ಭಾರಕ್ಕೆ ಬೇಕಾದಷ್ಟು ಬಿಗಿದಿಟ್ಟರೆ, ಲಾರಿಯೇ ಇಲ್ಲದಾಗ ತೊಲೆ ಬೆನ್ನು ಮೇಲೆತ್ತಿ ಮೇಲ್ಮೈ ಬಿರಿಯುತ್ತದೆ. ಸಡಿಲ ಬಿಟ್ಟರೆ, ಲಾರಿ ಬಂದಾಗ ಹೊಟ್ಟೆ ಬಿರಿಯುತ್ತದೆ. ಹಳಬರು ಎರಡರ ನಡುವಿನ ಒಂದು ಬಿಗಿ ಹಿಡಿದು, ತೊಲೆಯನ್ನು ದಪ್ಪ ಮಾಡಿ ಪಾರಾಗುತ್ತಿದ್ದರು. ಸುಗಲಾಳ ತೊಲೆಗಳು ತೆಳು. ಅವುಗಳ ಐದು ಕೇಬಲ್‌ಗಳಲ್ಲಿ ಮೂರು ಕಾಯಂ ಬಿಗಿ; ಉಳಿದೆರಡು ಗ್ರೀಸು ತುಂಬಿದ ಕೊಳವೆಯೊಳಗೆ ಸಡಿಲಾಗಿ ಮಲಗಿರುತ್ತಿದ್ದವು. ಸೇತುವೆಯ ಎರಡೂ ಕಡೆ ರಸ್ತೆಯಲ್ಲಿ ಹುಗಿದ ತೂಕದ ಪ್ಲೇಟುಗಳು ಬರುವ ವಾಹನವನ್ನು ತೂಗಿ ಹೇಳಿದರೆ, ತೊಲೆಯ ತುದಿಯಲ್ಲಿ ಎಣ್ಣೆಯ ಒತ್ತಡದಿಂದ ಎಳೆಯುವ ಜಾಕುಗಳು ಗುಂಯ್‌ಗುಟ್ಟುತ್ತ ನಲವತ್ತು ಸೆಕೆಂಡಿನಲ್ಲಿ ಆ ಎರಡನ್ನು ಜಗ್ಗುತ್ತಿದ್ದವು. ಆಮೇಲೆ ಹಸಿರು ದೀಪ. ವಾಹನ ದಾಟಿದ ಮೇಲೆ ಮತ್ತೆ ಸಡಿಲ.

"ಹೊರಸಿನ ಹಗ್ಗ ಇದ್ದಂಗ," ಎಂದು ಗುರಬಸವ್ವ ತನ್ನ ಅಂಗನವಾಡಿಯ ತಾಯಂದಿರಿಗೆ ತಿಳಿಸಿ ಹೇಳುತ್ತಿದ್ದಳು. "ಕೂಸು ಕುಂತ್ರ ಒಂದ್ ಬಿಗಿ, ಬೀಗ ಕುಂತ್ರ ಒಂದ್ ಬಿಗಿ."

ತೊಲೆಗೆ ಯಾವಾಗ ಎಷ್ಟು ಬಿಗಿ ಬೇಕೆಂದು ಹೇಳುವ ಕೋಷ್ಟಕವನ್ನು ಸುಗಲಾ ತಾನೇ ಕೂತು ಬರೆದಿದ್ದಳು. ಅದರಲ್ಲಿ ಆರು ಸಾಲು. ಖಾಲಿ ಸೇತುವೆ, ಹಗುರ ವಾಹನ, ಕಬ್ಬಿನ ಒಂದು ಟ್ರ್ಯಾಕ್ಟರು, ಎರಡೂ ಬದಿ ತುಂಬಿದ ಟ್ರ್ಯಾಕ್ಟರುಗಳು, ಜನಸಂದಣಿ, ಭೂಕಂಪ. ಐದನೆಯದಾದ ಜನಸಂದಣಿಗೆ ಅವಳು ಎಲ್ಲಕ್ಕಿಂತ ಹೆಚ್ಚು ದಿನ ತಲೆ ಕೆಡಿಸಿಕೊಂಡಿದ್ದಳು. ಟ್ರ್ಯಾಕ್ಟರು ಎಷ್ಟೇ ದೊಡ್ಡದಿರಲಿ, ಮುಂದಿನದಕ್ಕೂ ಹಿಂದಿನದಕ್ಕೂ ನಡುವೆ ಜಾಗವಿರುತ್ತದೆ. ಜನ ಹಾಗಲ್ಲ, ಒತ್ತಿ ನಿಲ್ಲುತ್ತಾರೆ. ಒಂದು ಅಂಕಣದ, ಅಂದರೆ ಎರಡು ಕಂಬಗಳ ನಡುವಿನ ಭಾಗದ, ಮೇಲೆ ಒತ್ತೊತ್ತಾಗಿ ಜನ ನಿಂತರೆ ಮೂರು ತುಂಬಿದ ಕಬ್ಬಿನ ಟ್ರ್ಯಾಕ್ಟರುಗಳಿಗಿಂತ ಹೆಚ್ಚಿನ ಭಾರ. ಅದಕ್ಕೆಂದೇ ಕಾಲುದಾರಿಯ ಫರಸಿಯ ಕೆಳಗೆ ಉದ್ದಕ್ಕೂ ತೂಕದ ಪಟ್ಟಿಗಳನ್ನು ಹಾಕಿಸಿದ್ದಳು.

ಸೇತುವೆಗಳ ಉಸ್ತುವಾರಿ ಹಿಡಿದ ಕಂಪನಿಗೆ ಆ ಪಟ್ಟಿಗಳೇ ತಲೆನೋವಾದವು. ಕುರಿ ಹಿಂಡು ಹೋದರೂ ಜಾಕು ಎಳೆಯುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ಬೇಕೆಂದೇ ಕುಣಿದು ಜಾಕು ಗುಂಯ್‌ಗುಡಿಸುತ್ತಿದ್ದರು. ಸಲಸಲಕ್ಕೂ ಎಳೆದು ಬಿಟ್ಟು ಮಾಡಿದರೆ ಕೇಬಲ್ ಕಚ್ಚಿ ಹಿಡಿಯುವ ಹಲ್ಲುಗಳು ಬೇಗ ಸವೆಯುತ್ತವೆ ಎಂದು ಮೂರು ವರ್ಷದ ಹಿಂದೆ ಕಂಪನಿಯವರು ಒಂದು ಸಭೆ ಕರೆದರು. ಒಳ್ಳೆಯ ಪಟ್ಟಿ ಬರುವ ತನಕ, ಮೂರೇ ತಿಂಗಳು, ಐದನೆಯ ಸಾಲನ್ನು ತಡೆಹಿಡಿಯೋಣ ಎಂದರು. ಸುಗಲಾ ಎರಡು ತಾಸು ವಾದ ಮಾಡಿದಳು. ಕೊನೆಗೆ ಹನ್ನೆರಡೂ ಸೇತುವೆಗಳ ಹನ್ನೆರಡು ಹಾಳೆಗಳಿಗೆ ಸಹಿ ಹಾಕಿ ಎದ್ದು ಬಂದಳು. ಮೂರು ತಿಂಗಳ ಮೇಲೆ ನೆನಪೋಲೆ ಬರೆದಳು, ಆರು ತಿಂಗಳ ಮೇಲೆ ಇನ್ನೊಂದು. ಆಮೇಲೆ ಬೇರೆ ಕೆಲಸ ಬಂದವು, ಬರೆಯುವುದನ್ನು ಬಿಟ್ಟಳು.

ಆ ಶ್ರಾವಣದಲ್ಲಿ ಎರಡು ದಿನ ರಜೆ ಹಾಕಿ ಅಕ್ಕನ ಮನೆಗೆ ಬಂದಿದ್ದಳು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಇಪ್ಪತ್ತು ವರ್ಷದಲ್ಲಿ ಇಂಥ ಹೊಳೆ ಕಂಡಿಲ್ಲ ಎಂದು ಸುತ್ತಲಿನ ಊರುಗಳ ಜನ ಬುತ್ತಿ ಕಟ್ಟಿಕೊಂಡು ನೀರು ನೋಡಲು ಬರುತ್ತಿದ್ದರು. ಗುರಬಸವ್ವ ಮಧ್ಯಾಹ್ನದ ರೊಟ್ಟಿ ಬಡಿದು ಮುಗಿಸಿ ಕೈ ತೊಳೆದಳು.

"ನಡಿ ಸುಗಲಾ, ನಾವೂ ನೋಡ್ಕೊಂಡು ಬರೂಣು. ಗಾಡಿ ಎಲ್ಲಾ ಆಕಡೀನ ನಿಲ್ಲಿಸ್ಯಾರಂತ, ಸೇತುವಿ ಮ್ಯಾಲ ಆರಾಮ ನಿಂತು ನೋಡಬಹುದು."

ರೊಟ್ಟಿ ಮುರಿಯುತ್ತಿದ್ದ ಸುಗಲಾಳ ಕೈ ನಿಂತಿತು. "ಗಾಡಿ ನಿಲ್ಲಿಸ್ಯಾರ?"

"ಪೊಲೀಸರು ನಿಲ್ಲಿಸ್ಯಾರ. ಎರಡೂ ಕಡೆ, ಎರಡ ಕಿಲೋಮೀಟರ್ ಆಚೆ. ಯಾಕ?"

ಸುಗಲಾ ತಾಟು ಸರಿಸಿ ಎದ್ದಳು. ಗಾಡಿ ಇಲ್ಲವೆಂದರೆ ಪ್ಲೇಟುಗಳ ಮೇಲೆ ಏನೂ ಇಲ್ಲ. ಪ್ಲೇಟುಗಳ ಮೇಲೆ ಏನೂ ಇಲ್ಲದಿದ್ದರೆ ಸೇತುವೆಯ ಲೆಕ್ಕದಲ್ಲಿ ಅದು ಖಾಲಿ. ಖಾಲಿ ಇದ್ದಾಗ ಅದು ಪೂರ್ತಿ ಸಡಿಲವಾಗುತ್ತದೆ.

ಅವರು ಹೋಗಿ ನೋಡುವಾಗ ಸೇತುವೆ ಜನರಿಂದ ಗಿಜಿಗುಡುತ್ತಿತ್ತು. ಹೆಂಗಸರು, ಮುದುಕರು, ಹೆಗಲ ಮೇಲೆ ಕೂಸುಗಳನ್ನು ಕೂರಿಸಿಕೊಂಡವರು, ಮಿರ್ಚಿಭಜಿ ಮಾರುವವರು. ಎಲ್ಲರೂ ನೀರು ಬರುವ ದಿಕ್ಕಿನ ಕಂಬಿಗೆ ಒತ್ತಿ ನಿಂತಿದ್ದರು. ಇನ್ನೊಂದು ಬದಿ ಅರ್ಧ ಖಾಲಿ. ಅಂದರೆ ಅಷ್ಟೂ ಜನರ ಭಾರ ಅಂಚಿನ ಒಂದೇ ತೊಲೆಯ ಮೇಲೆ ಬಿದ್ದಿತ್ತು. ಸುಗಲಾ ದಂಡೆಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಕಂಬಿಯ ಸಾಲನ್ನು ನೋಡಿದಳು. ಎರಡನೆಯ ಅಂಕಣದವರೆಗೆ ಗೆರೆ ಎಳೆದಂತಿದ್ದ ಕಂಬಿ ಮೂರನೆಯ ಅಂಕಣದಲ್ಲಿ ಕೆಳಗೆ ಬಾಗಿತ್ತು.

ಅವಳಲ್ಲಿ ಮೊದಲು ಹುಟ್ಟಿದ್ದು ಹೆದರಿಕೆಯಲ್ಲ. ಸಿಟ್ಟು. ಅದೂ ಮೊದಲು ತನ್ನ ಮೇಲೆ.

ನಿಯಂತ್ರಣ ಕೊಠಡಿ ಸೇತುವೆಯ ಈ ತುದಿಯಲ್ಲೇ ಇತ್ತು. ಒಳಗೆ ಮ್ಯಾನೇಜರ್ ವಿನಾಯಕ ಹೊನವಾಡ ಚಹಾ ಕುಡಿಯುತ್ತ ಕೂತಿದ್ದ. ಜಾಕುಗಳ ಮೆಕ್ಯಾನಿಕ್ ಇಮಾಮಸಾಬ್ ನದಾಫ್, ಐವತ್ತೆಂಟರ ಮನುಷ್ಯ, ಕಿಟಕಿಯಲ್ಲಿ ನಿಂತು ಜನರನ್ನೇ ನೋಡುತ್ತಿದ್ದ. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ 'ಖಾಲಿ' ಎಂದಿತ್ತು. ಅದರ ಕೆಳಗೆ ಮೂರನೆಯ ಅಂಕಣದ ಎದುರು ಹಳದಿ ಅಕ್ಷರಗಳು ಮಿನುಗುತ್ತಿದ್ದವು: 'ಸಂವೇದಕ ದೋಷ'.

"ಇದು ಯಾವಾಗಿಂದ ಬರಾಕತ್ತೇತಿ?" ಎಂದು ಸುಗಲಾ ಕೇಳಿದಳು.

"ಮುಂಜಾನಿಂದ ಮೇಡಂ. ಬಾಗು ಅಳೆಯೂ ಸೆನ್ಸರ್ ಕೆಟ್ಟೈತಿ. ನಾಳೆ ಬದಲಿ ಮಾಡಸ್ತೀವಿ."

"ಸೆನ್ಸರ್ ಕೆಟ್ಟಿಲ್ಲ. ತೊಲಿ ಖರೇನ ಬಾಗೇತಿ. ಮ್ಯಾಲ ಯಾರೂ ಇಲ್ಲ ಅಂತ ಮಶೀನಿಗೆ ಹೇಳೀರಿ. ಯಾರೂ ಇಲ್ಲದಾಗ ತೊಲಿ ಬಾಗೂದು ಹೆಂಗ? ಅದಕ್ಕ ಅದು ಸೆನ್ಸರ್ ಸುಳ್ಳ ಹೇಳ್ತೈತಿ ಅಂತ ತಿಳ್ಕೊಂಡೇತಿ. ನೀವೂ ಹಂಗ ತಿಳ್ಕೊಂಡೀರಿ. ಕಿಟಕ್ಯಾಗ ನೋಡ್ರಿ."

ಹೊನವಾಡ ನೋಡಿದ. ಅವನಿಗೆ ಜನ ಕಾಣದೆ ಇದ್ದದ್ದೇನಲ್ಲ. "ಟೇಬಲ್‌ನಾಗ ಜನ ಅನ್ನೂ ಸಾಲೇ ಇಲ್ಲಲ್ಲ ಮೇಡಂ. ನೀವ ತೆಗೆದೀರಿ."

"ಹೌದು. ನಾನ ತೆಗೆದೀನಿ. ಈಗ ಜಾಕಿನ ಗುಂಡಿಯ ಕೀಲಿ ಹಾಕಿ ತಿರುವ್ರಿ, ನಾನ ಗುಂಡಿ ಒತ್ತಿ ಬಿಗೀತೀನಿ."

"ನಾ ಕೀಲಿ ಹಾಕಿದ್ರ ನನ್ನ ಹೆಸರಲೆ ದಾಖಲಾಗ್ತದ. ಖಾಲಿ ಸೇತುವಿ ಬಿಗಿದ್ರ ಮೇಲ್ಮೈ ಬಿರೀತದ ಅಂತ ನಿಮ್ಮ ಪುಸ್ತಕದಾಗೇ ಐತಿ. ಬಿರಿದ್ರ ಯಾರು ಜವಾಬ್ದಾರಿ? ಮೇಲಿನವರನ್ನ ಕೇಳ್ತೀನಿ, ಒಂದ್ ಅರ್ಧ ತಾಸು ಕೊಡ್ರಿ. ಇಲ್ಲಂದ್ರ ಪೊಲೀಸರಿಗೆ ಹೇಳಿ ಜನರನ್ನ ಓಡಸೂಣು."

"ಓಡಿಸಬ್ಯಾಡ್ರಿ." ಸುಗಲಾಳ ಧ್ವನಿ ಇಳಿಯಿತು, ಸಿಟ್ಟು ಹೆಚ್ಚಾದಾಗ ಅವಳದು ಹಾಗೆಯೇ. "ನಿಂತ ಜನಕ್ಕಿಂತ ಓಡೂ ಜನದ ಪೆಟ್ಟು ಜಾಸ್ತಿ. ಸೇತುವಿ ಬೀಳ್ತೈತಿ ಅಂತ ಮೈಕಿನ್ಯಾಗ ಒದರಿದ್ರ ಆವಾಗ ಖರೇನ ಬೀಳ್ತೈತಿ. ಮೊದಲ ಬಿಗೀಬೇಕು, ಆಮ್ಯಾಲ ಮೆಲ್ಲಕ ಇಳಸ್ಬೇಕು."

ಹೊನವಾಡ ಫೋನು ಕಿವಿಗಿಟ್ಟುಕೊಂಡು ಹೊರಗೆ ನಡೆದ. ಕೀಲಿ ಅವನ ಜೇಬಿನಲ್ಲೇ ಇತ್ತು.

ನದಾಫ್ ಗೋಡೆಯ ಮೇಲಿನ ಕೈಪಂಪು ಇಳಿಸಿ ಹೆಗಲಿಗೆ ಹಾಕಿಕೊಂಡ. "ಬರ್ರಿ ಬಾಯಾರ. ಕೆಳಗಿನ ದಾರೀಲೆ ಹೋಗೂಣು. ಜಾಕಿಗೆ ಕೈಪಂಪ್ ಹಚ್ಚಾಕ ಬರ್ತೈತಿ. ಅದಕ್ಕ ಯಾರ ಕೀಲೀನೂ ಬೇಕಾಗಿಲ್ಲ."

ಹೊರಗೆ ಸುಗಲಾ ಅಕ್ಕನ ಕೈ ಹಿಡಿದಳು. "ಅಕ್ಕಾ, ನಾ ಫೋನ್ ಮಾಡಿದ ಮ್ಯಾಲ ನಡುವಿನ ಆ ಮೂರನೇ ಅಂಕಣದ ಜನರನ್ನ ಇಳಸ್ಬೇಕು. ಗದ್ದಲ ಆಗಬಾರದು, ಯಾರೂ ಓಡಬಾರದು. ಯಾಕಂತ ಹೇಳಬ್ಯಾಡ."

ಗುರಬಸವ್ವ ತಂಗಿಯ ಮುಖ ನೋಡಿ ಪ್ರಶ್ನೆ ಕೇಳಲಿಲ್ಲ. "ಆತು," ಎಂದಳು.

ಸೇತುವೆಯ ಹೊಟ್ಟೆಯ ಕೆಳಗೆ, ತಪಾಸಣೆಗೆಂದು ಒಬ್ಬರು ನಡೆಯುವಷ್ಟು ಅಗಲದ ಕಬ್ಬಿಣದ ಜಾಲರಿಯ ದಾರಿ ಇತ್ತು. ಅದರ ಕೆಳಗೆ ಕೆಂಪು ನೀರು ಮರದ ಬೊಡ್ಡೆಗಳನ್ನು ತಿರುಗಿಸುತ್ತ ಹೋಗುತ್ತಿತ್ತು. ಮೇಲೆ ಸಾವಿರಾರು ಕಾಲುಗಳ ಸದ್ದು, ನಗು, ಪೀಪಿ. ಮೂರನೆಯ ಅಂಕಣಕ್ಕೆ ಬಂದಾಗ ಸುಗಲಾ ಟಾರ್ಚಿನ ಬೆಳಕನ್ನು ಮೇಲಕ್ಕೆ ಬಿಟ್ಟಳು. ಅಂಚಿನ ತೊಲೆಯ ಹೊಟ್ಟೆಯಲ್ಲಿ, ನಟ್ಟನಡುವೆ, ಕೂದಲಿಗಿಂತ ತುಸು ದಪ್ಪದ ಬಿರುಕು. ಒಂದಲ್ಲ, ಏಳು. ಒಂದರಲ್ಲಿ ಬೆರಳಿನ ಉಗುರು ಹೋಗುತ್ತಿತ್ತು. ಇದನ್ನು ಅವಳು ಪ್ರಯೋಗಾಲಯದಲ್ಲಿ ನೂರು ಸಲ ಬೇಕೆಂದೇ ಬಿರಿಸಿದ್ದಳು. ಉಗುರು ಹೋಗುವಷ್ಟಾದ ಮೇಲೆ ತೊಲೆ ಎಷ್ಟು ಹೊತ್ತು ತಡೆಯುತ್ತದೆ ಎಂಬುದೂ ಗೊತ್ತಿತ್ತು.

ನದಾಫ್ ಕಂಬದ ತಲೆಯ ಮೇಲೆ ಹತ್ತಿ ಜಾಕಿಗೆ ಕೊಳವೆ ಸಿಕ್ಕಿಸಿದ. ಮಾಪಕದ ಮುಳ್ಳು ಇಪ್ಪತ್ತರಲ್ಲಿತ್ತು. ಇನ್ನೂರಕ್ಕೆ ಬರಬೇಕಿತ್ತು. ಅವನು ಪಂಪು ಒತ್ತತೊಡಗಿದ. ಅವನಿಗೆ ದಣಿವಾದಾಗ ಅವಳು. ಐವತ್ತು. ನೂರು. ನೂರಾ ಹತ್ತು. ಇಷ್ಟೂ ಕೆಲಸವನ್ನು ಒಂದು ಗುಂಡಿ ನಲವತ್ತು ಸೆಕೆಂಡಿನಲ್ಲಿ ಮಾಡುತ್ತಿತ್ತು. ಆ ಗುಂಡಿ ಇರುವ ಕೋಣೆಯ ಹೊರಗೆ ಒಬ್ಬ ಮನುಷ್ಯ ಫೋನು ಹಿಡಿದು ಅಡ್ಡಾಡುತ್ತಿದ್ದ. ಒಂದೊಂದು ಒತ್ತಿಗೂ ಸುಗಲಾಳ ಹಲ್ಲು ಕಚ್ಚಿಕೊಳ್ಳುತ್ತಿದ್ದವು.

"ನೂರಾ ಅರವತ್ತು," ಎಂದ ನದಾಫ್. "ಬಾಯಾರ, ಬಿರುಕು ನೋಡ್ರಿ."

ಅವಳು ಟಾರ್ಚು ಹಿಡಿದಳು. ಉಗುರು ಹೋಗುತ್ತಿದ್ದ ಬಿರುಕಿನ ತುಟಿಗಳು ಕೂಡಿಕೊಳ್ಳುತ್ತಿದ್ದವು. ನೋಡನೋಡುತ್ತಿದ್ದಂತೆ ಅದು ಪೆನ್ಸಿಲಿನ ಗೆರೆಯಷ್ಟಾಯಿತು.

ನೂರಾ ತೊಂಬತ್ತರಲ್ಲಿ ಠಪ್ಪೆಂದು ಸದ್ದಾಯಿತು. ಒಂದು ಕೇಬಲ್ಲಿನ ಏಳು ಎಳೆಗಳಲ್ಲಿ ಒಂದು, ಹಲ್ಲಿನ ಹಿಡಿತ ತಪ್ಪಿ, ಹಿಂದಕ್ಕೆ ಚಿಮ್ಮಿತು. ನದಾಫ್ ಕೂಗಲಿಲ್ಲ. ಬಲಗೈಯನ್ನು ಎದೆಗೆ ಅವುಚಿಕೊಂಡು ಕೂತುಬಿಟ್ಟ. ಅಂಗಿಯೆಲ್ಲ ಕೆಂಪಾಯಿತು. ಸುಗಲಾ ಸೆರಗು ಹರಿದು ಅವನ ಕೈಗೆ ಸುತ್ತಿದಳು.

"ಕಾಕಾ, ನಡೀರಿ ಮ್ಯಾಲ ಹೋಗೂಣು."

"ಉಳಿದ ಆರು ಎಳಿ ಹಿಡದಾವು?"

ಅವಳು ಮಾಪಕ ನೋಡಿದಳು. "ಹಿಡದಾವು."

"ಹಂಗಾದ್ರ ನೀವು ಇಲ್ಲೇ ಇರ್ರಿ. ಜನ ಇಳಿದಂಗ ಸಡಿಲ ಬಿಡಬೇಕು. ಇಲ್ಲಂದ್ರ ತೊಲಿ ಮ್ಯಾಲೇಳ್ತೈತಿ. ನಂಗ ನಡೀಲಿಕ್ಕೆ ಬರ್ತದ, ಕಾಲಿಗೇನ ಆಗೇತಿ?" ಎಂದು ಅವನು ಒಂದೇ ಕೈಯಲ್ಲಿ ಕಂಬಿ ಹಿಡಿದು ನಡೆದುಹೋದ.

ಸುಗಲಾ ಅಕ್ಕನಿಗೆ ಫೋನು ಮಾಡಿದಳು. ಮೇಲೆ ಗುರಬಸವ್ವ ಗುಂಪಿನೊಳಗೆ ಹೊಕ್ಕು, ಪರಿಚಯದ ಹೆಂಗಸರ ಕಿವಿಯಲ್ಲಿ ಒಂದೇ ಮಾತು ಹೇಳುತ್ತ ಹೋದಳು: ಶಾಲೆಯ ಹಿಂದಿನ ದಿನ್ನೆಯಿಂದ ಹೊಳೆಯ ತಿರುವು ಇದಕ್ಕಿಂತ ಚೆಂದ ಕಾಣುತ್ತದೆ, ಇಲ್ಲಿ ಏನೂ ಕಾಣುವುದಿಲ್ಲ. ಹೆಂಗಸರು ಹೊರಟಂತೆ ಕೂಸುಗಳು ಹೊರಟವು, ಕೂಸುಗಳ ಹಿಂದೆ ಗಂಡಸರು. ಮುಕ್ಕಾಲು ತಾಸಿನಲ್ಲಿ ಮೂರನೆಯ ಅಂಕಣ ಬರಿದಾಯಿತು. ಕೆಳಗೆ ಸುಗಲಾ ಮೇಲಿನ ಸದ್ದು ಕಡಿಮೆಯಾದಂತೆ ಇಷ್ಟಿಷ್ಟೇ ಎಣ್ಣೆ ಬಿಟ್ಟು ಮುಳ್ಳನ್ನು ಇಳಿಸಿದಳು. ಯಾರೊಬ್ಬರಿಗೂ ಏನೂ ಗೊತ್ತಾಗಲಿಲ್ಲ. ದಿನ್ನೆಯಿಂದ ಅಷ್ಟೇನೂ ಚೆಂದ ಕಾಣುವುದಿಲ್ಲ ಎಂದು ಕೆಲವರು ಗುರಬಸವ್ವನನ್ನು ಬೈದುಕೊಂಡರು.

ನದಾಫನ ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಅವನ ಹೆಂಡತಿ ಹಜರತ್‌ಬೀ ಕಂಪನಿಯ ಒಂದು ಕಾಗದ ತೋರಿಸಿದಳು. ನೌಕರ ಅಪ್ಪಣೆಯಿಲ್ಲದೆ ಸೇತುವೆಯ ಕೆಳಗೆ ಹೋಗಿ ಯಂತ್ರ ಮುಟ್ಟಿದ್ದಾನೆ, ಆದ ಗಾಯಕ್ಕೆ ಕಂಪನಿ ಹೊಣೆಯಲ್ಲ ಎಂದಿತ್ತು. ಸುಗಲಾ ಅದನ್ನು ಎರಡು ಸಲ ಓದಿ ಮಡಚಿ ಚೀಲದಲ್ಲಿಟ್ಟುಕೊಂಡಳು.

"ಬಾಯಾರ, ಮಲ್ಕೊಂಡಲ್ಲೇ ಒಂದು ವಿಚಾರ ಬಂತು," ಎಂದ ನದಾಫ್. "ಅವತ್ತ ಒಂದು ಲೋಡ್ ಆಗಿದ್ದ ಟ್ರ್ಯಾಕ್ಟರ್ ತಂದು ಪ್ಲೇಟಿನ ಮ್ಯಾಲ ನಿಲ್ಲಿಸಿದ್ರ ಆಗ್ತಿತ್ತು ನೋಡ್ರಿ. ಸೇತುವಿ ತಾನ ಬಿಗಿದ್ಕೊಂತಿತ್ತು."

ಸುಗಲಾ ಅವನ ಕೈಕಟ್ಟನ್ನು ನೋಡಿದಳು. ಪ್ಲೇಟು ಅವಳದೇ, ಕೋಷ್ಟಕ ಅವಳದೇ. ಇಷ್ಟು ಸರಳ ಉಪಾಯ ಅವಳಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ಆ ಎರಡು ಬೆರಳು ಇರುತ್ತಿದ್ದವು. "ನನಗ ತಿಳೀಬೇಕಾಗಿತ್ತು ಕಾಕಾ," ಎಂದಳು.

"ಸಿಟ್ಟಿನ್ಯಾಗ ತಿಳಿಯೂದಿಲ್ರಿ," ಎಂದ ಅವನು.

ಹದಿನೈದು ದಿನಕ್ಕೆ ವಿಚಾರಣೆ ನಡೆಯಿತು. ಕಂಪನಿಯವರೂ ಸರಕಾರದವರೂ ಇದ್ದ ಮೂವರ ಸಮಿತಿ. ಮೇಜಿನ ಮೇಲೆ ಮೊದಲೇ ಟೈಪಾದ ಹೇಳಿಕೆ ಇತ್ತು. ಸುಗಲಾ ಸಹಿ ಹಾಕಿದರೆ ಮುಗಿಯಿತು. ಅದರಲ್ಲಿ 'ಅನಿರೀಕ್ಷಿತ ಹಾಗೂ ಅನಧಿಕೃತ ಭಾರ' ಎಂಬ ಮಾತಿತ್ತು.

"ಇದು ಅನಿರೀಕ್ಷಿತ ಅಲ್ಲ," ಎಂದಳು. "ಹನ್ನೆರಡು ವರ್ಷದ ಹಿಂದೆ ನಾನೇ ಲೆಕ್ಕ ಹಾಕಿ ಐದನೆಯ ಸಾಲಿನಲ್ಲಿ ಬರೆದಿಟ್ಟಿದ್ದೆ. ಅಳಿಸಿ ಅಂದವರು ನೀವು. ಅಳಿಸಿದ ಹಾಳೆಗೆ ಸಹಿ ಹಾಕಿದವಳು ನಾನು. ಇಗೋ ಪ್ರತಿ."

ಅಧ್ಯಕ್ಷರು ಕನ್ನಡಕ ತೆಗೆದರು. ಸೌಮ್ಯ ಮನುಷ್ಯ. "ಇದನ್ನು ದಾಖಲೆಗೆ ತಗೊಂಡ್ರೆ ಮೊದಲು ನಿಮ್ಮ ಪರವಾನಗಿಯೇ ಹೋಗುತ್ತೆ ಅಮ್ಮಾ. ಯಾರಿಗೂ ಏನೂ ಆಗಿಲ್ಲವಲ್ಲ."

"ನದಾಫರ ಬೆರಳು ಹೋಗಿವೆ."

"ಅಂದರೆ, ಸಾರ್ವಜನಿಕರಲ್ಲಿ."

ಸುಗಲಾ ಪ್ರತಿಯನ್ನು ಅವರ ಮುಂದೆ ಸರಿಸಿದಳು. "ದಾಖಲೆಗೆ ತಗೊಳ್ಳಿ," ಎಂದಳು. "ಉಳಿದ ಹನ್ನೊಂದು ಸೇತುವೆಗಳಲ್ಲೂ ಇದೇ ಕೋಷ್ಟಕ ಇದೆ. ಇನ್ನೂ ಎರಡು ತಿಂಗಳು ಮಳೆಗಾಲ. ಅವಕ್ಕೆ ಏನು ಮಾಡ್ತೀರಿ?"

"ಪರಿಶೀಲನೆಯಲ್ಲಿದೆ."

ಅವಳು ತನ್ನ ಹೇಳಿಕೆಯನ್ನು ಕೈಯಲ್ಲೇ ಬರೆದು, ತಪ್ಪಿತಸ್ಥರ ಪಟ್ಟಿಯಲ್ಲಿ ತನ್ನ ಹೆಸರನ್ನು ಮೊದಲು ಹಾಕಿ, ಹೊರಬಂದಳು. ಪರವಾನಗಿ ಎರಡು ವರ್ಷಕ್ಕೆ ರದ್ದಾಯಿತು. ಆ ಆದೇಶ ಮಾತ್ರ ನಾಲ್ಕೇ ದಿನದಲ್ಲಿ ಕೈಸೇರಿತು.

ಐದನೆಯ ದಿನ ಮಲಪ್ರಭೆಗೆ ನೀರು ಬಿಡುವ ಸುದ್ದಿ ಬಂತು. ಅಲ್ಲಿ ಕಡೇಕೊಪ್ಪದ ಹತ್ತಿರ ಅವಳ ನಾಲ್ಕನೆಯ ಸೇತುವೆ ಇತ್ತು. ಅಕ್ಕತಂಗಿ ಬೆಳಿಗ್ಗೆಯೇ ಹೊರಟರು. ಕೈಗೆ ಪಟ್ಟಿ ಕಟ್ಟಿಕೊಂಡ ನದಾಫನೂ ಬೇಡವೆಂದರೂ ಕೇಳದೆ ಕಾರಿನ ಹಿಂದಿನ ಸೀಟಿನಲ್ಲಿ ಕೂತ. ಊರಿನ ಚಾವಡಿಯಲ್ಲಿ ಸುಗಲಾ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದಳು: ಈ ಸೇತುವೆಗೆ ಗಾಡಿ ಗೊತ್ತು, ನೀವು ಗೊತ್ತಿಲ್ಲ, ಗೊತ್ತಾಗದ ಹಾಗೆ ಮಾಡಿದವರಲ್ಲಿ ನಾನೂ ಒಬ್ಬಳು. ಒಬ್ಬ ಮುದುಕಿ, "ನಿನಗ ಏನ್ ಅನ್ನಬೇಕವ್ವಾ," ಎಂದಳು. ಆಮೇಲೆ ಒಬ್ಬ ಕಲ್ಲು ತುಂಬಿದ ಎರಡು ಟ್ರ್ಯಾಕ್ಟರು ತರಿಸಿದ. ಅವು ಪ್ಲೇಟಿನ ಮೇಲೆ ಹತ್ತುತ್ತಲೇ ಸೇತುವೆ ಗುಂಯ್‌ಗುಟ್ಟಿ ಬಿಗಿದುಕೊಂಡಿತು. ಗುರಬಸವ್ವ ಕುರ್ಚಿ ಹಾಕಿಕೊಂಡು ಜನರನ್ನು ಎಣಿಸಲು ಕೂತಳು. ಜನ ಹೆಚ್ಚಾದರೆ ಟ್ರ್ಯಾಕ್ಟರು ಪ್ಲೇಟಿನ ಮೇಲೆ, ಕಡಿಮೆಯಾದರೆ ಕೆಳಗೆ.

ಮಧ್ಯಾಹ್ನ ಕಂಪನಿಯ ಜೀಪು ಬಂತು. ಇಳಿದವನು ಹೊನವಾಡನೇ. "ಮೇಡಂ, ಇದು ಕಾನೂನಿಗೆ ವಿರುದ್ಧ. ಟ್ರ್ಯಾಕ್ಟರ್ ತೆಗೆಸ್ರಿ."

"ಹೊನವಾಡ ಅವರ, ಮ್ಯಾಲ ಎಷ್ಟು ಮಂದಿ ಅದಾರ ಹೇಳ್ರಿ ನೋಡೂಣು."

ಅವನು ಸೇತುವೆಯ ಕಡೆ ತಿರುಗಿ ನೋಡಿದ.

"ಒಂಬೈನೂರಾ ನಲವತ್ತು," ಎಂದಳು ಗುರಬಸವ್ವ ಕುರ್ಚಿಯಿಂದಲೇ. "ನಿನ್ನೂ ಹಿಡಿದ್ರ ಇನ್ನೊಂದ್ ಹೆಚ್ಚು."

ಹೊನವಾಡ ನದಾಫನ ಕೈ ಕಡೆ ನೋಡಿ ಮುಖ ತಿರುಗಿಸಿದ. ಜೀಪು ಹತ್ತಿ ಹೋದ.

ವಾರದಲ್ಲಿ ಆ ಹನ್ನೊಂದರಲ್ಲಿ ಒಂಬತ್ತು ಸೇತುವೆಗಳ ಬಾಯಲ್ಲಿ ಕಲ್ಲಿನ ಟ್ರ್ಯಾಕ್ಟರುಗಳು ನಿಂತವು. ಉಳಿದೆರಡರ ಹತ್ತಿರದ ಊರಿನವರು ನೀರಿದ್ದಷ್ಟು ದಿನ ಯಾರನ್ನೂ ಹತ್ತಗೊಡಲಿಲ್ಲ. ಪತ್ರಿಕೆಗಳು ಬರೆದವು. ತಿಂಗಳು ತುಂಬುವುದರೊಳಗೆ ಹೊಸ ಆದೇಶ ಬಂತು. ತಾಂತ್ರಿಕ ಸುಧಾರಣೆಯ ಅಂಗವಾಗಿ ಜನಸಂದಣಿಯನ್ನು ಕೋಷ್ಟಕದ ಐದನೆಯ ಸಾಲಿಗೆ ಸೇರಿಸಲಾಗಿದೆ, ಪಟ್ಟಿಗಳನ್ನು ಮತ್ತೆ ಚಾಲೂ ಮಾಡಲಾಗಿದೆ ಎಂದಿತ್ತು. ಯಾರ ತಪ್ಪು, ಯಾರ ಬೆರಳು ಎಂಬುದೊಂದೂ ಅದರಲ್ಲಿರಲಿಲ್ಲ.

ಗುರಬಸವ್ವನ ಅಡುಗೆಮನೆಯಲ್ಲಿ ಕೂತು ಸುಗಲಾ ಆದೇಶವನ್ನು ಕೊನೆಯವರೆಗೆ ಓದಿದಳು. ಅನುಬಂಧದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇತ್ತು. ಜಾಕುಗಳ ಸವೆತ ತಪ್ಪಿಸುವ ಸಲುವಾಗಿ, ಪಟ್ಟಿಗಳು ತೋರಿಸಿದ ತೂಕ ಎಷ್ಟೇ ಇರಲಿ, ಲೆಕ್ಕದಲ್ಲಿ ಪ್ರತಿ ವ್ಯಕ್ತಿಯ ತೂಕವನ್ನು ಇಪ್ಪತ್ತೈದು ಕಿಲೋ ಎಂದು ಹಿಡಿಯತಕ್ಕದ್ದು.

ಅವಳು ಅದನ್ನು ಅಕ್ಕನಿಗೆ ಓದಿ ಹೇಳಿದಳು. ಗುರಬಸವ್ವ ಒಲೆಯ ಮುಂದಿನಿಂದ ಎದ್ದು ನಿಂತು, "ನನ್ನ ಅಂಗನವಾಡಿ ಹುಡುಗರು ಸೈತ ಒಂದೆರಡು ವರ್ಷಕ್ಕ ಅಷ್ಟ ತೂಗ್ತಾವು," ಎಂದಳು.

ಸುಗಲಾ ಫೋನು ತೆಗೆದು ನದಾಫನಿಗೆ ಹಚ್ಚಿದಳು.

"ಕಾಕಾ," ಎಂದಳು, ಧ್ವನಿ ಮತ್ತೆ ಇಳಿದಿತ್ತು. "ಎಲ್ಲಾ ಊರಿನವ್ರಿಗೂ ಹೇಳ್ರಿ. ಟ್ರ್ಯಾಕ್ಟರ್ ಇನ್ನೂ ತೆಗೀಬ್ಯಾಡ್ರಿ ಅಂತ."